ಮನೆ ಬಿಟ್ಟರೂ ಬಿಲ್ ಬಿಡೋದಿಲ್ಲ: ಇಂಟರ್ನೆಟ್, ಕೇಬಲ್ ರದ್ದು ಮಾಡುವ ಸರಿಯಾದ ದಾರಿ

ಬೋಲ್ಟನ್‌ನಲ್ಲಿ ನಮ್ಮವರು ಮನೆ ಬದಲಿಸೋದು ಹೊಸ ಸುದ್ದಿಯೇನಲ್ಲ. ಕೋಲ್‌ರೇನ್ ಡ್ರೈವ್ ಕಡೆಯ ವೇರ್‌ಹೌಸ್‌ನಲ್ಲಿ ಕೆಲಸ ಹೋದರೆ ಬ್ರಾಂಪ್ಟನ್‌ಗೆ, ಅಲ್ಲಿ ಬಾಡಿಗೆ ಏರಿದರೆ ಮತ್ತೆ ಹೈವೇ 50 ಹಿಡಿದು ಇಲ್ಲಿಗೆ, ಟ್ರಕ್ ಕೆಲಸ ಸಿಕ್ಕರೆ ಆಲ್ಬರ್ಟಾಗೆ, ವರ್ಕ್ ಪರ್ಮಿಟ್ ಮುಗಿದರೆ ಊರಿಗೆ. ಹೊರಡುವಾಗ ಹಾಸಿಗೆ ಮಾರ್ತೀವಿ, ಕುಕ್ಕರ್, ಪಾತ್ರೆ ಹೊಸದಾಗಿ ಬಂದ ಹುಡುಗರಿಗೆ ಕೊಡ್ತೀವಿ, ಬೀಗದ ಕೈ ಮನೆ ಮಾಲೀಕರ ಕೈಗೆ ಹಾಕ್ತೀವಿ. ಮರೆತು ಹೋಗೋದು ಒಂದೇ, ಗೋಡೆ ಮೂಲೆಯಲ್ಲಿ ಮಿಣುಕುತ್ತಾ ಕೂತಿರುವ ಮೋಡೆಮ್. ನಾವು ಅದನ್ನು ಮರೆತರೂ ಅದರ ಬಿಲ್ ನಮ್ಮನ್ನು ಮರೆಯೋದಿಲ್ಲ.

ಈ ಸಂಚಿಕೆಯಲ್ಲಿ ಆ ವಿಷಯವನ್ನೇ ತೆಗೆದುಕೊಂಡಿದ್ದೇವೆ. ಇಂಟರ್ನೆಟ್ ನಿಲ್ಲಿಸೋದು ಎಷ್ಟರ ಕೆಲಸ, ಒಂದು ಫೋನ್ ತಾನೇ ಅನ್ನಿಸಬಹುದು. ಆದರೆ ಬಾಡಿಗೆ ಮನೆ ಕೈ ತಪ್ಪಿದ್ದು, ಕಾರಿನ ಸಾಲ ಸಿಗದೇ ಹೋಗಿದ್ದು, ಒಂದೇ ಊರಿನ ಗೆಳೆಯರು ಮಾತು ಬಿಟ್ಟಿದ್ದು, ಇವೆಲ್ಲ ಈ ಒಂದು ಫೋನ್ ಮಾಡದೇ ಇದ್ದದ್ದರಿಂದ ಆಗಿವೆ.

ಒಂದು ಸಂಗತಿ ಹೇಳುತ್ತೇವೆ. ಯಾರದು ಅಂತ ಕೇಳಬೇಡಿ. ಐದು ಜನ ಹುಡುಗರು ಒಂದು ಬೇಸ್‌ಮೆಂಟ್‌ನಲ್ಲಿದ್ದರು. ಎಲ್ಲರಿಗಿಂತ ಮೊದಲು ಬಂದವರು ದಾವಣಗೆರೆ ಕಡೆಯವರು. ಉಳಿದ ನಾಲ್ವರಿಗೆ ಇಲ್ಲಿ ಕ್ರೆಡಿಟ್ ದಾಖಲೆಯೇ ಇರಲಿಲ್ಲ, ಹಾಗಾಗಿ ಇಂಟರ್ನೆಟ್ ಅವರ ಹೆಸರಲ್ಲೇ ಬಂತು. ಒಂದು ವರ್ಷ ಎಲ್ಲರೂ ಸರಿಯಾಗಿ ಪಾಲು ಹಾಕಿದರು. ಆಮೇಲೆ ಅವರಿಗೆ ಎಡ್ಮಂಟನ್‌ನಲ್ಲಿ ಕೆಲಸ ಸಿಕ್ಕಿತು. "ನೀವು ಕಟ್ಕೊಂಡು ಹೋಗ್ರಪ್ಪಾ" ಅಂತ ಹೇಳಿ ಹೊರಟರು. ಮೂರು ತಿಂಗಳು ದುಡ್ಡು ಬಂತು, ನಾಲ್ಕನೇ ತಿಂಗಳು ಮನೆಯೇ ಒಡೆಯಿತು, ಒಬ್ಬೊಬ್ಬರು ಒಂದೊಂದು ಕಡೆ ಹೋದರು. ಇವರು ಬ್ಯಾಂಕಿಗೆ ಹೇಳಿ ಆಟೋ ಡೆಬಿಟ್ ನಿಲ್ಲಿಸಿದರು. ಅಲ್ಲಿಗೆ ಮುಗಿಯಿತು ಅಂದುಕೊಂಡರು.

ಮುಗಿದಿರಲಿಲ್ಲ. ಬಿಲ್ ಬರುತ್ತಲೇ ಇತ್ತು, ಬೋಲ್ಟನ್‌ನ ಹಳೇ ವಿಳಾಸಕ್ಕೆ. ಬಾಕಿ, ತಡವಾದದ್ದಕ್ಕೆ ಶುಲ್ಕ, ವಾಪಸ್ ಬಾರದ ಮೋಡೆಮ್‌ನ ಬೆಲೆ ಎಲ್ಲಾ ಸೇರಿ ಖಾತೆ ವಸೂಲಿ ಏಜೆನ್ಸಿಗೆ ಹೋಯಿತು. ಹೆಂಡತಿ, ಮಗು ಬರುತ್ತಾರೆ ಅಂತ ಅವರು ಬೇರೆ ಮನೆ ಹುಡುಕಲು ಹೋದಾಗ ಮಾಲೀಕರು ಕ್ರೆಡಿಟ್ ದಾಖಲೆ ತೆಗೆಸಿ ನೋಡಿದರು. ಮನೆ ಸಿಗಲಿಲ್ಲ. ಆ ಬಾಕಿಯ ವಿಷಯ ಅವರಿಗೆ ಗೊತ್ತಾದದ್ದೇ ಆವಾಗ.

ರೀಚಾರ್ಜ್ ಲೆಕ್ಕ ಇಲ್ಲಿ ನಡೆಯೋದಿಲ್ಲ

ಇಲ್ಲಿ ಎಡವೋದು ಓದು ಬರಹ ಬಾರದವರಲ್ಲ. ನಾವು ಬೆಳೆದ ಅಭ್ಯಾಸವೇ ಬೇರೆ. ಊರಲ್ಲಿ ಮೊಬೈಲ್ ಅಂದರೆ ರೀಚಾರ್ಜ್. ದುಡ್ಡು ಹಾಕಿದರೆ ಇದೆ, ಹಾಕದಿದ್ದರೆ ನಿಂತಿತು, ಯಾರೂ ಯಾರಿಗೂ ಬಾಕಿ ಇಲ್ಲ. ಕೇಬಲ್ ಆದರೆ ತಿಂಗಳಿಗೊಮ್ಮೆ ಹುಡುಗ ಬಾಗಿಲಿಗೆ ಬರುತ್ತಿದ್ದ, "ಈ ತಿಂಗಳಿಂದ ಬೇಡಪ್ಪಾ" ಅಂದರೆ ಮುಗಿಯಿತು. ಬಿಎಸ್‌ಎನ್‌ಎಲ್ ಲ್ಯಾಂಡ್‌ಲೈನ್ ಇಟ್ಟಿದ್ದ ಮನೆಯ ಹಿರಿಯರಿಗೆ ಮಾತ್ರ ಇನ್ನೊಂದು ಪದ್ಧತಿ ನೆನಪಿರಬಹುದು. ಎಕ್ಸ್‌ಚೇಂಜ್‌ಗೆ ಹೋಗಿ ಅರ್ಜಿ ಬರೆದುಕೊಟ್ಟು, ಬಾಕಿ ತೀರಿಸಿ, ಫೋನನ್ನು ಒಪ್ಪಿಸಿ, ಡಿಪಾಸಿಟ್ ವಾಪಸ್ ಕೇಳಬೇಕಿತ್ತು. ಅದಕ್ಕೆ 'ಸರೆಂಡರ್' ಮಾಡೋದು ಅಂತಿದ್ದರು.

ಕೆನಡಾದಲ್ಲಿ ಮನೆಯ ಇಂಟರ್ನೆಟ್ ಬಹುಪಾಲು ಆ ಲ್ಯಾಂಡ್‌ಲೈನ್ ಥರವೇ, ರೀಚಾರ್ಜ್ ಥರ ಅಲ್ಲ. ನೀವು ಹೇಳುವ ತನಕ ಖಾತೆ ತೆರೆದೇ ಇರುತ್ತದೆ. ದುಡ್ಡು ಕಟ್ಟದಿದ್ದರೆ ಕಂಪನಿ ಒಂದು ದಿನ ಲೈನ್ ಕಡಿಯುತ್ತದೆ ನಿಜ, ಆದರೆ ತಕ್ಷಣ ಅಲ್ಲ. ಬಾಕಿ 50 ಡಾಲರ್ ದಾಟಿರಬೇಕು ಇಲ್ಲವೇ ಎರಡು ತಿಂಗಳಿಗಿಂತ ಹಳೆಯದಾಗಿರಬೇಕು. 14 ದಿನ ಮೊದಲು ನೋಟಿಸ್ ಕೊಡಬೇಕು, 24 ಗಂಟೆ ಮೊದಲು ಮತ್ತೊಮ್ಮೆ ತಿಳಿಸಬೇಕು. ಈ ನಿಯಮ ಇರೋದು ಗ್ರಾಹಕರ ಒಳ್ಳೆಯದಕ್ಕೇ. ಆದರೆ ಲೈನ್ ತಾನಾಗೇ ನಿಲ್ಲುತ್ತೆ ಅಂತ ಕಾಯುವವರಿಗೆ ಅಷ್ಟು ದಿನದ ಬಿಲ್ ತಲೆ ಮೇಲೆ ಬರುತ್ತದೆ. ತಿಂಗಳಿಗೆ 60 ಡಾಲರ್ ಪ್ಲಾನ್ ಅಂದರೆ ಒಂಟಾರಿಯೊದ 13% ಎಚ್‌ಎಸ್‌ಟಿ ಸೇರಿ 67.80. ಎರಡು ತಿಂಗಳಿಗೆ 135.60. ಯಾರೂ ಬಳಸದ ಇಂಟರ್ನೆಟ್‌ಗೆ.

ಹಾಗಾಗಿ ಈ ಲೇಖನದ ಮುಖ್ಯ ಮಾತು ಇಷ್ಟೇ: ದುಡ್ಡು ಕಟ್ಟೋದನ್ನು ನಿಲ್ಲಿಸಿದರೆ ರದ್ದು ಮಾಡಿದ ಹಾಗಲ್ಲ. ಬ್ಯಾಂಕಿನಲ್ಲಿ ಡೆಬಿಟ್ ತಡೆದರೂ ರದ್ದಲ್ಲ, ಮೋಡೆಮ್ ಪ್ಲಗ್ ಕಿತ್ತರೂ ರದ್ದಲ್ಲ, ಮನೆ ಮಾಲೀಕರಿಗೆ ಹೇಳಿದರೂ ರದ್ದಲ್ಲ. ಖಾತೆ ಯಾರ ಹೆಸರಲ್ಲಿದೆಯೋ ಅವರು ಕಂಪನಿಗೆ ಹೇಳಬೇಕು, ಹೇಳಿದ್ದಕ್ಕೆ ಗುರುತು ಇಟ್ಟುಕೊಳ್ಳಬೇಕು.

ಕಾನೂನು ಎಷ್ಟರ ಮಟ್ಟಿಗೆ ನಮ್ಮ ಕಡೆ ಇದೆ?

ನಾವು ಅಂದುಕೊಂಡಿರುವುದಕ್ಕಿಂತ ಹೆಚ್ಚಾಗಿಯೇ ಇದೆ. ಕೆನಡಾದಲ್ಲಿ ದೂರಸಂಪರ್ಕ, ಟಿವಿ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸಿಆರ್‌ಟಿಸಿ. ನಮ್ಮ ಕಡೆ ಟ್ರಾಯ್ ಇದ್ದ ಹಾಗೆ. ಹಿಂದೆ ಇಲ್ಲಿ ರದ್ದು ಮಾಡಬೇಕಾದರೆ 30 ದಿನ ಮೊದಲೇ ಹೇಳಬೇಕಿತ್ತು, ಹೇಳಿದ ಮೇಲೂ ಆ 30 ದಿನದ ದುಡ್ಡು ಕಟ್ಟಬೇಕಿತ್ತು. ಸಿಆರ್‌ಟಿಸಿ 2014ರಲ್ಲಿ ಇದನ್ನು ನಿಷೇಧಿಸಿತು. 2015ರ ಜನವರಿ 23ರಿಂದ ಅದು ಜಾರಿಗೆ ಬಂತು. ಮುಂಗಡವಾಗಿ ಕಟ್ಟಿದ ತಿಂಗಳಲ್ಲಿ ಉಳಿದ ದಿನಗಳ ಹಣ ವಾಪಸ್ ಕೊಡಬೇಕು ಅಂತ 2016ರಲ್ಲಿ ಮತ್ತೆ ಸ್ಪಷ್ಟ ಮಾಡಿತು. ಅಂದರೆ 60 ಡಾಲರ್ ಪ್ಲಾನ್, ಬಿಲ್ ಅವಧಿ 30 ದಿನ, ನೀವು 12ನೇ ದಿನ ರದ್ದು ಮಾಡಿದಿರಿ ಅಂದುಕೊಳ್ಳಿ. ದಿನಕ್ಕೆ 2 ಡಾಲರ್‌ನಂತೆ 18 ದಿನದ 36 ಡಾಲರ್ ನಿಮ್ಮದೇ. "ಇನ್ನೂ ಒಂದು ತಿಂಗಳು ಬಿಲ್ ಬರುತ್ತೆ, ಅದು ನಮ್ಮ ಪಾಲಿಸಿ" ಅಂತ ಯಾರಾದರೂ ಫೋನ್‌ನಲ್ಲಿ ಹೇಳಿದರೆ ಅದು ಹಳೇ ಕಾಲದ ಮಾತು.

ಟಿವಿ ಸೇವೆಗೆ ಸಂಬಂಧಿಸಿದ ನಿಯಮಾವಳಿ 2017ರ ಸೆಪ್ಟೆಂಬರ್ 1ರಿಂದ ಇದೆ. ಮನೆ ಇಂಟರ್ನೆಟ್‌ಗೆ 'ಇಂಟರ್ನೆಟ್ ಕೋಡ್' 2020ರ ಜನವರಿ 31ರಿಂದ ಜಾರಿಯಲ್ಲಿದೆ. ಬೆಲ್, ರೋಜರ್ಸ್, ಟೆಲಸ್, ಕೋಜಿಕೊ ಮುಂತಾದ ದೊಡ್ಡ ಕಂಪನಿಗಳು ಇದನ್ನು ಪಾಲಿಸಲೇಬೇಕು. ಇದರ ಪ್ರಕಾರ ನೀವು ಯಾವಾಗ ಬೇಕಾದರೂ ರದ್ದು ಮಾಡಬಹುದು. ಕಾರಣ ಹೇಳಲೇಬೇಕೆಂದಿಲ್ಲ. ನೀವು ತಿಳಿಸಿದ ದಿನವೇ ಅದು ಜಾರಿಗೆ ಬರುತ್ತದೆ. ಮುಂದಿನ ತಾರೀಖು ಬೇಕಿದ್ದರೆ ಅದನ್ನು ನೀವೇ ಹೇಳಬಹುದು.

ಈ ನಿಯಮಗಳು ಸುಮ್ಮನೆ ಬಂದಿಲ್ಲ. 2019ರ ಫೆಬ್ರವರಿಯಲ್ಲಿ ಸಿಆರ್‌ಟಿಸಿ ಒಂದು ವರದಿ ಪ್ರಕಟಿಸಿತು. ಕಂಪನಿಗಳು ದಾರಿ ತಪ್ಪಿಸಿ, ಒತ್ತಡ ಹಾಕಿ ಮಾರಾಟ ಮಾಡುವುದು ಒಪ್ಪಲಾಗದಷ್ಟು ನಡೆಯುತ್ತಿದೆ, ವಯಸ್ಸಾದವರು, ಅಂಗವಿಕಲರು, ಇಂಗ್ಲಿಷ್ ಅಥವಾ ಫ್ರೆಂಚ್ ಮನೆಮಾತಲ್ಲದವರು ಇದರಿಂದ ಹೆಚ್ಚು ತೊಂದರೆಗೆ ಒಳಗಾಗುತ್ತಾರೆ ಅನ್ನುವುದನ್ನು ಅದು ಒಪ್ಪಿಕೊಂಡಿತು. ಅಂದರೆ ಫೋನ್‌ನಲ್ಲಿ ತಡವರಿಸುವುದು ನಾವೊಬ್ಬರೇ ಅಲ್ಲ. 2024ರ ಜೂನ್‌ನಲ್ಲಿ ಟೆಲಿಕಮ್ಯುನಿಕೇಶನ್ಸ್ ಕಾಯ್ದೆಗೂ ತಿದ್ದುಪಡಿ ಬಂತು. ಶುರು ಮಾಡಲು, ಬದಲಿಸಲು, ರದ್ದು ಮಾಡಲು ಕಂಪನಿಗಳು ಹಾಕುವ ಶುಲ್ಕಗಳನ್ನು ತಡೆಯಬೇಕು, ಗ್ರಾಹಕರು ಯಾರ ಜೊತೆಗೂ ವಾದ ಮಾಡದೆ ತಾವೇ ರದ್ದು ಮಾಡಿಕೊಳ್ಳುವ ದಾರಿ ಇರಬೇಕು ಅನ್ನೋದು ಅದರ ಉದ್ದೇಶ. ಅದನ್ನು ನಿಯಮವಾಗಿಸಲು ಸಿಆರ್‌ಟಿಸಿ 2024ರ ನವೆಂಬರ್‌ನಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಲು ಶುರು ಮಾಡಿತು.

ಅವಧಿಗೆ ಮುಂಚೆ ಬಿಟ್ಟರೆ ದಂಡ ಎಷ್ಟು?

ಎಲ್ಲರೂ ಹೆದರೋದು ಇದಕ್ಕೇ. ಎರಡು ವರ್ಷದ ಒಪ್ಪಂದ ಇದೆ, ಮಧ್ಯದಲ್ಲಿ ಬಿಟ್ಟರೆ ಉಳಿದ ತಿಂಗಳೆಲ್ಲಾ ಕಟ್ಟಬೇಕಂತೆ ಅನ್ನುವ ಮಾತು ನಮ್ಮಲ್ಲಿ ಓಡಾಡುತ್ತಿದೆ. ಹಾಗೇನಿಲ್ಲ. ಇಂಟರ್ನೆಟ್ ಕೋಡ್ ಅದಕ್ಕೆ ಮಿತಿ ಹಾಕಿದೆ.

ಸೇರುವಾಗ ಟಿವಿ, ಟ್ಯಾಬ್ಲೆಟ್, ಗಿಫ್ಟ್ ಕಾರ್ಡ್ ಥರ ಏನಾದರೂ ಉಡುಗೊರೆ ಕೊಟ್ಟಿದ್ದರೆ, ದಂಡ ಆ ಉಡುಗೊರೆಯ ಬೆಲೆಗಿಂತ ಹೆಚ್ಚಿರುವಂತಿಲ್ಲ. ಅದೂ ತಿಂಗಳು ತಿಂಗಳಿಗೆ ಸಮನಾಗಿ ಇಳಿಯುತ್ತಾ ಹೆಚ್ಚೆಂದರೆ 24 ತಿಂಗಳಲ್ಲಿ ಸೊನ್ನೆ ಆಗಬೇಕು. 240 ಡಾಲರ್‌ನ ಉಡುಗೊರೆ, 24 ತಿಂಗಳ ಒಪ್ಪಂದ ಅಂದರೆ ತಿಂಗಳಿಗೆ 10 ಡಾಲರ್ ಕಡಿಮೆಯಾಗುತ್ತಾ ಹೋಗುತ್ತದೆ. ಹತ್ತು ತಿಂಗಳಾದ ಮೇಲೆ ಬಿಟ್ಟರೆ 140 ಡಾಲರ್‌ಗಿಂತ ಹೆಚ್ಚು ಕೇಳುವಂತಿಲ್ಲ.

ಉಡುಗೊರೆ ಏನೂ ಇಲ್ಲದಿದ್ದರೆ ದಂಡ 50 ಡಾಲರ್, ಇಲ್ಲವೇ ಉಳಿದ ತಿಂಗಳುಗಳ ಬಿಲ್‌ನ 10%, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. 60 ಡಾಲರ್ ಪ್ಲಾನ್‌ನಲ್ಲಿ 14 ತಿಂಗಳು ಉಳಿದಿದ್ದರೆ 10% ಅಂದರೆ 84 ಆಗುತ್ತದೆ, ಆದರೆ ನೀವು ಕಟ್ಟಬೇಕಾದ್ದು 50. ಮೂರೇ ತಿಂಗಳು ಉಳಿದಿದ್ದರೆ 18. ಅವಧಿಯ ಒಪ್ಪಂದವೇ ಇಲ್ಲದೆ ತಿಂಗಳಿಂದ ತಿಂಗಳಿಗೆ ನಡೆಯುವ ಕನೆಕ್ಷನ್ ಆಗಿದ್ದು, ಉಡುಗೊರೆಯನ್ನೂ ಪಡೆದಿಲ್ಲದಿದ್ದರೆ ಈ ದಂಡ ಇಲ್ಲ. ನಿಮ್ಮದು ಯಾವ ಥರ ಅಂತ ತಿಳಿಯಲು ಒಪ್ಪಂದದ ಪ್ರತಿ ನೋಡಿ. ಸಾಮಾನ್ಯವಾಗಿ ಇಮೇಲ್‌ನಲ್ಲಿ ಬಂದಿರುತ್ತೆ. ಇಲ್ಲದಿದ್ದರೆ ಕಂಪನಿಯನ್ನೇ ಕೇಳಿ.

ಎರಡು ಮೂರು ತಿಂಗಳ ಬಿಲ್ ಸುಮ್ಮನೆ ಬಿಟ್ಟು ಓಡಿಹೋಗೋದಕ್ಕಿಂತ ದಂಡ ಕಟ್ಟಿ ಮುಗಿಸೋದೇ ಅಗ್ಗ ಅಂತ ಈಗ ನಿಮಗೇ ಗೊತ್ತಾಯಿತಲ್ಲ.

ಫೋನ್ ಮಾಡುವ ಮೊದಲು

ಕೈಯಲ್ಲಿ ಇವಿಷ್ಟು ಇರಲಿ: ಖಾತೆಯ ನಂಬರ್ ಇರುವ ಕೊನೆಯ ಬಿಲ್, ಖಾತೆಯ ಪಿನ್, ಪೆನ್ನು, ಕಾಗದ. ಫೋನ್ ನಂಬರನ್ನು ಬಿಲ್ ಮೇಲಿಂದಲೇ ತೆಗೆದುಕೊಳ್ಳಿ. ನಾವು ಇಂಥ ಕಂಪನಿಯವರು, ನಿಮಗೆ ಅರ್ಧ ಬೆಲೆಗೆ ಕೊಡ್ತೀವಿ ಅಂತ ತಾವಾಗೇ ಕರೆ ಮಾಡುವವರಿಗೆ ಯಾವ ವಿವರವನ್ನೂ ಕೊಡಬೇಡಿ, ಒಟಿಪಿಯನ್ನಂತೂ ಕೊಡಲೇಬೇಡಿ.

ಇಂಟರ್ನೆಟ್, ಟಿವಿ, ಫೋನ್ ಮೂರೂ ಒಟ್ಟಿಗೆ ತೆಗೆದುಕೊಂಡಿದ್ದು, ಈಗ ಟಿವಿ ಮಾತ್ರ ಬೇಡ ಅಂದರೆ ಒಂದು ಪ್ರಶ್ನೆ ಮೊದಲೇ ಕೇಳಿ: "ಟಿವಿ ತೆಗೆದರೆ ಇಂಟರ್ನೆಟ್ ಬೆಲೆ ಎಷ್ಟಾಗುತ್ತೆ?" ಜೊತೆಗೆ ತೆಗೆದುಕೊಂಡಿದ್ದಕ್ಕೆ ಕೊಟ್ಟ ರಿಯಾಯಿತಿ ಹೋಗಿಬಿಟ್ಟರೆ ಉಳಿಯೋದು ನಾವು ಅಂದುಕೊಂಡಷ್ಟಿರೋದಿಲ್ಲ. ಟಿವಿ ಪೂರ್ತಿ ಬೇಡ ಅನ್ನೋದರ ಬದಲು ಸಣ್ಣದಕ್ಕೆ ಇಳಿಸೋದೂ ಸಾಧ್ಯ. 25 ಡಾಲರ್ ಮೀರದ ಮೂಲ ಟಿವಿ ಪ್ಯಾಕೇಜ್ ಕೊಡಬೇಕು ಅಂತ 2016ರ ಮಾರ್ಚ್‌ನಿಂದ ನಿಯಮ ಇದೆ. ಮನೆಯ ಫೋನ್ ನಂಬರನ್ನು ಬೇರೆ ಕಂಪನಿಗೆ ಒಯ್ಯಬೇಕು ಅಂತಿದ್ದರೆ ಮೊದಲೇ ರದ್ದು ಮಾಡಬೇಡಿ. ಹೊಸ ಕಂಪನಿಯವರಿಗೆ ಹೇಳಿ ನಂಬರ್ ವರ್ಗ ಆಗಲಿ, ಇಲ್ಲದಿದ್ದರೆ ನಂಬರ್ ಕೈಬಿಟ್ಟು ಹೋಗಬಹುದು.

ಫೋನ್‌ನಲ್ಲಿ ಏನು ಹೇಳಬೇಕು

ರದ್ದು ಮಾಡಬೇಕು ಅಂದ ತಕ್ಷಣ ಕರೆಯನ್ನು ಬೇರೆ ವಿಭಾಗಕ್ಕೆ ಹಾಕುತ್ತಾರೆ. ಹೋಗುವವರನ್ನು ಉಳಿಸಿಕೊಳ್ಳೋದೇ ಅಲ್ಲಿರುವವರ ಕೆಲಸ. ಅವರೂ ನಮ್ಮ ಹಾಗೆ ಪಾಳಿ ಮಾಡಿ ದುಡಿಯುವವರು, ಜಗಳ ಬೇಡ. ಆದರೆ ಅವರ ಮಾತಿನ ಪ್ರವಾಹಕ್ಕೆ ಸಿಕ್ಕಿ ರದ್ದು ಮಾಡಲು ಹೋದವರು ಹೊಸ ಎರಡು ವರ್ಷದ ಒಪ್ಪಂದಕ್ಕೆ ಹ್ಞೂಂ ಅಂದು ಬಂದದ್ದೂ ಇದೆ. ಇಂಗ್ಲಿಷ್‌ನಲ್ಲಿ ಧೈರ್ಯ ಸಾಲದವರಿಗೆ ನಾಲ್ಕು ವಾಕ್ಯ ಕೊಡುತ್ತೇವೆ. ಹೀಗೇ ಓದಿ ಹೇಳಿದರೂ ಸಾಕು.

ಒಂದು: "ಐ ವಾಂಟ್ ಟು ಕ್ಯಾನ್ಸಲ್ ಮೈ ಇಂಟರ್ನೆಟ್ ಸರ್ವಿಸ್ ಟುಡೇ." ನನ್ನ ಇಂಟರ್ನೆಟ್ ಇವತ್ತೇ ರದ್ದು ಮಾಡಬೇಕು ಅಂತ. ಬೇರೆ ದಿನ ಬೇಕಿದ್ದರೆ 'ಟುಡೇ' ಜಾಗದಲ್ಲಿ ಆ ತಾರೀಖು ಹೇಳಿ.

ಎರಡು: "ಥ್ಯಾಂಕ್ ಯು, ಬಟ್ ನೋ ಆಫರ್. ಪ್ಲೀಸ್ ಕ್ಯಾನ್ಸಲ್." ಎಷ್ಟು ಸಲ ಕೇಳಿದರೂ ಇದನ್ನೇ ಹೇಳಿ. ಯಾಕೆ ಅಂತ ಕೇಳಿದರೆ "ಐ ಆಮ್ ಮೂವಿಂಗ್", ಮನೆ ಬದಲಿಸುತ್ತಿದ್ದೇನೆ, ಅಷ್ಟೇ ಸಾಕು.

ಮೂರು: "ವಾಟ್ ಈಸ್ ಮೈ ಫೈನಲ್ ಬಿಲ್? ಎನಿ ಕ್ಯಾನ್ಸಲೇಶನ್ ಫೀ?" ಕೊನೆಯ ಬಿಲ್ ಎಷ್ಟು, ದಂಡ ಏನಾದರೂ ಇದೆಯೇ ಅಂತ.

ನಾಲ್ಕು: "ಪ್ಲೀಸ್ ಗಿವ್ ಮಿ ಎ ಕನ್ಫರ್ಮೇಶನ್ ನಂಬರ್, ಅಂಡ್ ಸೆಂಡ್ ಮಿ ಆನ್ ಇಮೇಲ್." ಈ ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯ. ಆ ನಂಬರ್ ಬರೆದುಕೊಳ್ಳದೆ ಫೋನ್ ಇಡಬೇಡಿ.

ಕಾಗದದ ಮೇಲೆ ದಿನ, ಗಂಟೆ, ಮಾತಾಡಿದವರ ಹೆಸರು, ಕನ್ಫರ್ಮೇಶನ್ ನಂಬರ್ ಬರೆಯಿರಿ, ಅದರ ಫೋಟೋ ತೆಗೆದಿಡಿ. ನೀವು ಭಾಗವಹಿಸಿರುವ ಕರೆಯನ್ನು ನೀವೇ ರೆಕಾರ್ಡ್ ಮಾಡಿಕೊಳ್ಳುವುದು ಕೆನಡಾದಲ್ಲಿ ಅಪರಾಧ ಅಲ್ಲ. ಚಾಟ್‌ನಲ್ಲಿ ರದ್ದು ಮಾಡಿದರೆ ಪೂರ್ತಿ ಚಾಟ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ರಾತ್ರಿ ಪಾಳಿ ಮುಗಿಸಿ ಬಂದು ನಿದ್ದೆಗಣ್ಣಲ್ಲಿ ಈ ಫೋನ್ ಮಾಡಬೇಡಿ, ಒಂದು ಗಂಟೆ ಕೈಯಲ್ಲಿಟ್ಟುಕೊಂಡು ಮಾಡಿ.

ಕಡಿಮೆ ಬೆಲೆಗೆ ಕೊಡ್ತೀವಿ ಅನ್ನುವ ಮಾತು ನಿಮಗೆ ಲಾಭ ಅನ್ನಿಸಿದರೆ ಒಪ್ಪಿಕೊಳ್ಳಿ, ತಪ್ಪೇನಿಲ್ಲ. ಆದರೆ ಹೊಸ ಅವಧಿ ಎಷ್ಟು, ಆ ಬೆಲೆ ಎಷ್ಟು ತಿಂಗಳು, ಆಮೇಲೆ ಎಷ್ಟು ಅಂತ ಕೇಳಿ, ಬರಹದಲ್ಲಿ ಕಳಿಸಿ ಅನ್ನಿ. ಬಾಯಲ್ಲಿ ಹೇಳಿದ್ದೊಂದು, ಒಪ್ಪಂದದ ಪ್ರತಿಯಲ್ಲಿ ಬಂದದ್ದೊಂದು ಆಗಿದ್ದರೆ, ಪ್ರತಿ ಕೈಸೇರಿದ 45 ದಿನದೊಳಗೆ ದಂಡ ಇಲ್ಲದೆ ಬಿಡಬಹುದು ಅಂತ ಇಂಟರ್ನೆಟ್ ಕೋಡ್ ಹೇಳುತ್ತದೆ.

ಡಬ್ಬ ವಾಪಸ್ ಕೊಡೋದು

ಮೋಡೆಮ್, ಟಿವಿ ಡಬ್ಬ ಹೆಚ್ಚಾಗಿ ಕಂಪನಿಯವೇ ಆಗಿರುತ್ತವೆ. ಅವರು ಹೇಳಿದ ದಿನದೊಳಗೆ ವಾಪಸ್ ಹೋಗದಿದ್ದರೆ ಅದರ ಬೆಲೆ ಬಿಲ್‌ಗೆ ಸೇರುತ್ತದೆ. ಎಷ್ಟೋ ಸಲ ಬಾಕಿಗಿಂತ ಇದೇ ದೊಡ್ಡದಿರುತ್ತೆ. ಹಾಗಾಗಿ ಫೋನ್‌ನಲ್ಲೇ ಕೇಳಿ: ಏನೇನು ವಾಪಸ್ ಕೊಡಬೇಕು, ಎಲ್ಲಿಗೆ, ಎಷ್ಟು ದಿನದೊಳಗೆ. ಕೆಲವರು ಅಂಗಡಿಯಲ್ಲೇ ತೆಗೆದುಕೊಳ್ಳುತ್ತಾರೆ, ಹಲವರು ಅಂಚೆಯಲ್ಲಿ ಕಳಿಸಲು ಲೇಬಲ್ ಕೊಡುತ್ತಾರೆ.

ಪ್ಯಾಕ್ ಮಾಡುವ ಮುನ್ನ ಮೋಡೆಮ್ ಹಿಂಬದಿಯ ಸೀರಿಯಲ್ ನಂಬರ್‌ನ ಫೋಟೋ ತೆಗೆಯಿರಿ. ಪವರ್ ವೈರ್, ರಿಮೋಟ್ ಮರೀಬೇಡಿ. ಕೆನಡಾ ಪೋಸ್ಟ್‌ನಲ್ಲಿ ಕೊಟ್ಟರೆ ಟ್ರ್ಯಾಕಿಂಗ್ ನಂಬರ್ ಇರುವ ರಸೀದಿ ಕೇಳಿ ಪಡೆಯಿರಿ. ಕೌಂಟರ್ ಮೇಲೆ ಇಟ್ಟು ಬಂದುಬಿಡಬೇಡಿ. "ನಮಗೆ ಬಂದೇ ಇಲ್ಲ" ಅನ್ನುವ ಮಾತು ಮೂರು ತಿಂಗಳಾದ ಮೇಲೆ ಬಂದರೂ ಆ ರಸೀದಿಯೇ ನಿಮ್ಮ ಸಾಕ್ಷಿ. ಮೋಡೆಮ್ಮನ್ನು ಮುಂದಿನ ಬಾಡಿಗೆದಾರರಿಗೆ ಇರಲಿ ಅಂತ ಬಿಟ್ಟು ಹೋಗುವ ಔದಾರ್ಯ ಖಂಡಿತ ಬೇಡ.

ಕೊನೆಯ ಬಿಲ್ ಬರುವ ತನಕ

ರದ್ದಾದ ಮೇಲೂ ಒಂದು ಬಿಲ್ ಬರುತ್ತದೆ. ಅದನ್ನು ನೋಡಿ. ದಿನದ ಲೆಕ್ಕ ಸರಿ ಇದೆಯೇ, ದಂಡ ನಿಯಮದ ಮಿತಿಯಲ್ಲಿದೆಯೇ, ಡಬ್ಬದ ಬೆಲೆ ಸೇರಿದೆಯೇ ಅಂತ ಪರೀಕ್ಷಿಸಿ. ಹೊಸಬರು ಅಂತ ಸೇರುವಾಗ ಡಿಪಾಸಿಟ್ ತೆಗೆದುಕೊಂಡಿದ್ದರೆ, ಬಾಕಿ ಇದ್ದರೆ ಅದನ್ನು ಕಳೆದು, ಉಳಿದದ್ದನ್ನು ಬಡ್ಡಿ ಸಮೇತ 30 ದಿನದೊಳಗೆ ಕೊಡಬೇಕು. ಹಳೇ ವಿಳಾಸಕ್ಕೆ ಚೆಕ್ ಹೋಗಿ ಕಳೆದುಹೋಗದಂತೆ ಹೊಸ ವಿಳಾಸ ಕೊಡಿ.

ಆಟೋ ಡೆಬಿಟ್ಟನ್ನು ಕೊನೆಯ ಬಿಲ್ ತೀರಿದ ಮೇಲೆ ನಿಲ್ಲಿಸಿ, ಮೊದಲೇ ಅಲ್ಲ. ರದ್ದಾದ ಮೇಲೂ ಒಪ್ಪಿಗೆ ಇಲ್ಲದೆ ನಿಮ್ಮ ಬ್ಯಾಂಕ್ ಖಾತೆಯಿಂದ ಹಣ ಎಳೆದರೆ 90 ದಿನದೊಳಗೆ ಬ್ಯಾಂಕಿಗೆ ದೂರು ಕೊಟ್ಟು ವಾಪಸ್ ಕೇಳಬಹುದು.

ಐದು ಜನರ ಮನೆ, ಒಬ್ಬರ ಹೆಸರು

ನಮ್ಮ ಮನೆಗಳಲ್ಲಿ ನಿಜವಾದ ತೊಡಕು ಇರೋದು ಇಲ್ಲಿ. ಪಾಲು ಐವರದು, ಹೆಸರು ಒಬ್ಬರದು. ಕಂಪನಿಗೆ ಗೊತ್ತಿರೋದು ಆ ಒಂದು ಹೆಸರು ಮಾತ್ರ. ಉಳಿದವರು ದುಡ್ಡು ಕೊಡಲಿಲ್ಲ ಅನ್ನೋದು ಅವರಿಗೆ ಸಂಬಂಧವೇ ಇಲ್ಲದ ಮಾತು. ಉಳಿದವರು ಫೋನ್ ಮಾಡಿ ರದ್ದು ಮಾಡಿ ಅಂದರೂ ಕೇಳೋದಿಲ್ಲ, ಖಾತೆದಾರರೇ ಮಾತಾಡಬೇಕು, ಇಲ್ಲವೇ ಅವರು ಒಪ್ಪಿಗೆ ಕೊಟ್ಟು ಖಾತೆಗೆ ಸೇರಿಸಿದವರು ಮಾತಾಡಬೇಕು.

ಹೊಸದಾಗಿ ಬಂದವರಿಗೆ ಸಹಾಯ ಆಗಲಿ ಅಂತ ಹೆಸರು ಕೊಡುವವರು ಒಳ್ಳೆಯ ಮನಸ್ಸಿನವರೇ. ಆ ಒಳ್ಳೆಯತನ ಅವರ ಕುತ್ತಿಗೆಗೆ ಬರಬಾರದು. ಅದಕ್ಕೆ ಮೂರು ಕಟ್ಟುಪಾಡು ಸಾಕು. ಹೆಸರು ಇರುವವರು ಮನೆ ಬಿಡುವ ದಿನ ಖಾತೆಯೂ ಮುಗಿಯಬೇಕು. ಉಳಿಯುವವರು ತಮ್ಮಲ್ಲೊಬ್ಬರ ಹೆಸರಲ್ಲಿ ಹೊಸ ಕನೆಕ್ಷನ್ ತೆಗೆದುಕೊಳ್ಳಲಿ. ಯಾರ ಪಾಲು ಎಷ್ಟು, ಯಾವ ತಾರೀಖಿಗೆ ಅನ್ನೋದನ್ನು ಮನೆಯ ವಾಟ್ಸಾಪ್ ಗುಂಪಿನಲ್ಲಿ ಬರೆದು ಹಾಕಿ. ಬಿಟ್ಟು ಹೋಗುವವರು ಕೊನೆಯ ಬಿಲ್ಲಿನ ತಮ್ಮ ಪಾಲನ್ನು ಹೊರಡುವ ಮೊದಲೇ ಕೊಟ್ಟು ಹೋಗಲಿ. ಒಂದೇ ಊರಿನವರು, ಅಣ್ಣ ತಮ್ಮಂದಿರ ಹಾಗಿದ್ದೀವಿ, ಇದೆಲ್ಲ ಯಾಕೆ ಅನ್ನಬೇಡಿ. ಹಾಗಿರೋದರಿಂದಲೇ ಇದು ಬೇಕು. ಸ್ನೇಹ ಸ್ನೇಹಕ್ಕೆ, ಲೆಕ್ಕ ಲೆಕ್ಕಕ್ಕೆ.

ಬೋಲ್ಟನ್ ಒಳಗೇ, ಅಥವಾ ಬ್ರಾಂಪ್ಟನ್‌ಗೆ ಮನೆ ಬದಲಿಸುವವರು ರದ್ದು ಮಾಡುವ ಬದಲು ಕನೆಕ್ಷನ್ನನ್ನು ಹೊಸ ವಿಳಾಸಕ್ಕೆ ವರ್ಗಾಯಿಸಬಹುದು. ಅದಕ್ಕೆ ಶುಲ್ಕ ಇದೆಯೇ, ಒಪ್ಪಂದದ ಅವಧಿ ಮತ್ತೆ ಮೊದಲಿಂದ ಶುರುವಾಗುತ್ತದೆಯೇ ಅಂತ ಕೇಳಿ ತಿಳಿದುಕೊಳ್ಳಿ.

ಊರಿಗೆ ಹೊರಟವರಿಗೆ

ಪರ್ಮಿಟ್ ಮುಗಿದು ಊರಿಗೆ ಹೋಗುವವರು ವಿಮಾನದ ದಿನಕ್ಕೆ ಎರಡು ಮೂರು ವಾರ ಮೊದಲೇ ಫೋನ್ ಮಾಡಿ, ರದ್ದಾಗುವ ತಾರೀಖನ್ನು ಮುಂದಿನದಾಗಿ ಹೇಳಿ. ಮೋಡೆಮ್ಮನ್ನು ಕೊನೆಯ ದಿನಕ್ಕೆ ಬಿಡಬೇಡಿ. ಕೊನೆಯ ವಾರ ಮೊಬೈಲ್ ಡೇಟಾದಲ್ಲಿ ನಡೆಯುತ್ತೆ. ಬೋಲ್ಟನ್‌ನ ಕ್ವೀನ್ ಸ್ಟ್ರೀಟ್ ಸೌತ್‌ನಲ್ಲಿರುವ ಕ್ಯಾಲೆಡನ್ ಸಾರ್ವಜನಿಕ ಗ್ರಂಥಾಲಯದ ಆಲ್ಬಿಯನ್ ಬೋಲ್ಟನ್ ಶಾಖೆಯಲ್ಲಿ ಕಂಪ್ಯೂಟರ್, ವೈಫೈ ಉಚಿತ. ಬ್ಯಾಂಕ್ ಖಾತೆಯನ್ನು ಕೊನೆಯ ಬಿಲ್ ತೀರಿ, ಬರಬೇಕಾದ ಹಣ ಬಂದ ಮೇಲೆ ಮುಚ್ಚಿ. ಇಲ್ಲಿನ ಮೊಬೈಲ್ ನಂಬರ್ ಹೋದರೂ ಕೆಲಸ ಮಾಡುವ ಇಮೇಲ್ ವಿಳಾಸವನ್ನು ಕಂಪನಿಗೆ ಕೊಡಿ.

"ನಾನು ಹೋಗೇ ಹೋಗ್ತೀನಿ, ಯಾರು ಕೇಳ್ತಾರೆ" ಅನ್ನುವವರಿಗೆ ಒಂದು ಮಾತು. ನಮ್ಮಲ್ಲಿ ಎಷ್ಟೋ ಜನ ಮತ್ತೆ ಬಂದಿದ್ದಾರೆ, ಹೊಸ ಪರ್ಮಿಟ್ ಮೇಲೋ, ಪಿಆರ್ ಸಿಕ್ಕೋ. ವಸೂಲಿಗೆ ಹೋದ ಬಾಕಿ ಕ್ರೆಡಿಟ್ ದಾಖಲೆಯಲ್ಲಿ ಸುಮಾರು 6 ವರ್ಷ ಉಳಿಯುತ್ತದೆ. ಬಂದ ಮೊದಲ ವಾರ ಮನೆ ಹುಡುಕುವಾಗ ಅದು ಎದುರಿಗೆ ನಿಲ್ಲುತ್ತದೆ.

ತಕರಾರು ಬಂದರೆ

ಎಲ್ಲಾ ಸರಿಯಾಗಿ ಮಾಡಿದರೂ ಬಿಲ್ ಬರುತ್ತಿದ್ದರೆ ಮೊದಲು ಕಂಪನಿಗೇ ದೂರು ಕೊಡಿ, ದೂರಿನ ದಿನ ಬರೆದಿಡಿ. ಅವರು ಬಗೆಹರಿಸದಿದ್ದರೆ ಸಿಸಿಟಿಎಸ್ ಅನ್ನುವ ಸಂಸ್ಥೆ ಇದೆ. ಟೆಲಿಕಾಂ, ಟಿವಿ ದೂರುಗಳನ್ನು ಬಗೆಹರಿಸುವ ಇದು 2007ರಲ್ಲಿ ಶುರುವಾದದ್ದು, ಕಂಪನಿಗಳಿಂದ ಸ್ವತಂತ್ರ, ನಮಗೆ ಒಂದು ಪೈಸೆ ಖರ್ಚಿಲ್ಲ. ಉಚಿತ ಫೋನ್ ನಂಬರ್ 1-888-221-1687. ಆನ್‌ಲೈನ್‌ನಲ್ಲೂ ದೂರು ಬರೆಯಬಹುದು. ಸಮಸ್ಯೆ ತಿಳಿದ ಒಂದು ವರ್ಷದೊಳಗೆ ಹೋಗಿ. ದೂರು ಒಪ್ಪಿಕೊಂಡ ಮೇಲೆ ಕಂಪನಿಗೆ ಉತ್ತರಿಸಲು ಗಡುವು ಕೊಡುತ್ತಾರೆ. ಬಹಳ ದೂರುಗಳು ಆ ಹಂತದಲ್ಲೇ ಮುಗಿಯುತ್ತವೆ. ಮುಗಿಯದಿದ್ದರೆ ಅವರೇ ವಿಚಾರಣೆ ಮಾಡುತ್ತಾರೆ, 5,000 ಡಾಲರ್ ತನಕ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ನೀವು ತೆಗೆದಿಟ್ಟ ಫೋಟೋ, ಕನ್ಫರ್ಮೇಶನ್ ನಂಬರ್, ಅಂಚೆ ರಸೀದಿ ಕೆಲಸಕ್ಕೆ ಬರೋದು ಇಲ್ಲೇ.

ಈಗಾಗಲೇ ವಸೂಲಿ ಏಜೆನ್ಸಿಯಿಂದ ಫೋನ್ ಬರುತ್ತಿದ್ದರೆ ಹೆದರಬೇಡಿ, ಅಡಗಿಕೊಳ್ಳಲೂ ಬೇಡಿ. ಒಂಟಾರಿಯೊದಲ್ಲಿ ಅವರಿಗೂ ಕಾನೂನಿದೆ. ಮೊದಲು ಬರಹದಲ್ಲಿ ತಿಳಿಸಿ 6 ದಿನ ಕಳೆಯುವ ತನಕ ಫೋನ್ ಮಾಡುವಂತಿಲ್ಲ. ರಾತ್ರಿ 9ರಿಂದ ಬೆಳಿಗ್ಗೆ 7ರ ತನಕ ಮಾಡುವಂತಿಲ್ಲ, ಭಾನುವಾರ ಮಧ್ಯಾಹ್ನ 1ರಿಂದ 5ರೊಳಗೆ ಮಾತ್ರ. ಬೈದು ಬೆದರಿಸುವಂತಿಲ್ಲ. ಬಾಕಿ ಯಾವುದು, ಹೇಗೆ ಬಂತು ಅಂತ ಬರಹದಲ್ಲಿ ಕೇಳಿ. ನಿಜವಾಗಿ ನಿಮ್ಮದೇ ಆಗಿದ್ದರೆ ಕಟ್ಟಿ, ತೀರಿತು ಅಂತ ಪತ್ರ ಪಡೆಯಿರಿ. ನಿಮ್ಮದಲ್ಲದಿದ್ದರೆ ಸಿಸಿಟಿಎಸ್‌ಗೆ ಹೋಗಿ.

"ಬಿಲ್ ಕಟ್ಟದಿದ್ದರೆ ಏರ್‌ಪೋರ್ಟ್‌ನಲ್ಲಿ ಹಿಡೀತಾರಂತೆ, ಪರ್ಮಿಟ್ ಹೋಗುತ್ತಂತೆ" ಅಂತ ಕೇಳಿದವರಿದ್ದಾರೆ. ಇಂಟರ್ನೆಟ್ ಬಿಲ್ಲಿನ ಬಾಕಿ ಅಪರಾಧ ಅಲ್ಲ, ಅದು ಹಣದ ವ್ಯವಹಾರ. ಆ ಒಂದು ಕಾರಣಕ್ಕೆ ಪರ್ಮಿಟ್ ರದ್ದಾಗೋದಿಲ್ಲ. ಹಾಗಂತ ಯಾರಾದರೂ ಫೋನ್‌ನಲ್ಲಿ ಬೆದರಿಸಿದರೆ ಅದು ಮೋಸ ಅಂತಲೇ ತಿಳಿಯಿರಿ.

ಈ ವಾರ ಮಾಡಬಹುದಾದ ಎರಡು ಕೆಲಸ

ಒಂದು, ಹಿಂದೆ ಬಿಟ್ಟು ಬಂದ ಮನೆಗಳನ್ನು ನೆನಪು ಮಾಡಿಕೊಳ್ಳಿ. ಅಲ್ಲೆಲ್ಲಾದರೂ ನಿಮ್ಮ ಹೆಸರಲ್ಲಿ ಕನೆಕ್ಷನ್ ಇತ್ತೇ, ಅದು ನಿಜವಾಗಿ ಮುಗಿಯಿತೇ ಅಂತ ಕಂಪನಿಗೆ ಫೋನ್ ಮಾಡಿ ಕೇಳಿ. ಇಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಎರಡರಲ್ಲೂ ನಿಮ್ಮ ಕ್ರೆಡಿಟ್ ವರದಿ ಉಚಿತವಾಗಿ ಸಿಗುತ್ತದೆ, ತೆಗೆದು ನೋಡಿ. ಬಾಕಿ ಇದ್ದರೆ ಈಗಲೇ ಗೊತ್ತಾಗಲಿ, ಮನೆ ಮಾಲೀಕರ ಬಾಯಿಂದ ಅಲ್ಲ.

ಎರಡು, ಈಗಿರುವ ಮನೆಯ ಬಿಲ್ ತೆಗೆದು ಹೆಸರು ಯಾರದು, ಒಪ್ಪಂದ ಯಾವತ್ತು ಮುಗಿಯುತ್ತದೆ ಅಂತ ನೋಡಿ, ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಫೋನ್ ಮಾಡಲು ಇಂಗ್ಲಿಷ್‌ನ ಅಳುಕು ಇದ್ದರೆ ಒಬ್ಬರೇ ಒದ್ದಾಡಬೇಡಿ. ಮಾತು ಬಲ್ಲ ಗೆಳೆಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ಪೀಕರ್ ಹಾಕಿ. ಖಾತೆದಾರರು ಒಪ್ಪಿಗೆ ಹೇಳಿದರೆ ಪಕ್ಕದವರು ಮಾತಾಡಬಹುದು. ಇಷ್ಟು ದೂರ ಬಂದು, ಚಳಿಯಲ್ಲಿ ನಿಂತು ದುಡಿದು ಕಟ್ಟಿಕೊಂಡ ಹೆಸರು ನಮ್ಮದು. ಅರ್ಧ ಗಂಟೆಯ ಒಂದು ಫೋನ್‌ಗೆ ಸೋಮಾರಿತನ ಮಾಡಿ ಅದನ್ನು ಕಳೆದುಕೊಳ್ಳೋದು ಬೇಡ.